ಟೋಕಿಯೋಗೆ ಹೋದ ಟೆಸ್ಟಿಂಗ್ ಪ್ಲೇಟು

ಕಲ್ಯಾಣದುರ್ಗ

ಜಪಾನಿಗೆ ಹೋಗಿಬಂದವರು ಹಿಮ ಹೊದ್ದ ಬೆಟ್ಟದ ಬಗ್ಗೆ, ಬಾಣದಂತೆ ಓಡುವ ರೈಲಿನ ಬಗ್ಗೆ ಬರೆಯುತ್ತಾರೆ. ನಾನು ಬೆಟ್ಟ ನೋಡಲು ಹೋದ ದಿನ ಮೋಡ ಕವಿದಿತ್ತು. ರೈಲು ಹೇಳಿದ ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತದೆ ಎಂಬುದನ್ನು ನಾನು ಪ್ಲಾಟ್‌ಫಾರಂ ಮೇಲೆ ನಿಂತು ಅದರ ಬೆನ್ನು ನೋಡುತ್ತಾ ಕಲಿತೆ. ಹೀಗಾಗಿ ಹೇಳಿಕೊಳ್ಳಲು ನನ್ನ ಬಳಿ ಉಳಿದಿರುವುದು ಒಂದು ಹಳೆಯ ಗ್ರಾಮಫೋನ್ ಪ್ಲೇಟಿನ ಕಥೆ, ಮತ್ತು ನಾನು ಗೆಲ್ಲಬಾರದಿದ್ದ ಒಂದು ವಾದ.

ನಾನು ಹಿಂದೂಪುರದವಳು. ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಯಾರಾದರೂ ‘ಇವತ್ತು ಸೆಕೆ ಜಾಸ್ತಿ’ ಎಂದರೆ ‘ಯಾವುದಕ್ಕೆ ಹೋಲಿಸಿದರೆ?’ ಎಂದು ಕೇಳುವಷ್ಟು ಕೆಟ್ಟುಹೋಗಿದ್ದೇನೆ. ನಮ್ಮ ಮನೆಯಲ್ಲಿ ಜಾತಕ, ವಾಸ್ತು, ರಾಹುಕಾಲ ಎಲ್ಲವನ್ನೂ ನಾನು ವಾದದಲ್ಲಿ ಸೋಲಿಸಿಯಾಗಿದೆ. ಅವು ಮಾತ್ರ ಮನೆಯಲ್ಲಿ ಹಾಗೇ ಇವೆ.

ಟೋಕಿಯೋದ ಒಂದು ಕಾಲೇಜಿನವರು ಇಂಗ್ಲಿಷ್ ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಒಂದು ವಾರ ಬನ್ನಿ ಎಂದು ಕರೆದರು. ಅಮ್ಮ, “ಅಲ್ಲಿಗೂ ಜಗಳಕ್ಕೇನಾ?” ಎಂದಳು. ಅವಳ ಅಣ್ಣ, ಕಲ್ಯಾಣದುರ್ಗದ ನನ್ನ ಹನುಮಂತರಾಯ ಮಾವ, ಸುದ್ದಿ ಕೇಳಿದ್ದೇ ಫೋನಿನಲ್ಲಿ ಕೂಗಿದ: “ಜಪಾನಾ? ನಾಳೇನೇ ಬಂದ್ಬುಡು ಇಲ್ಲಿಗೆ. ಕೆಲ್ಸ ಐತೆ.”

ಮಾವನದು ಮೈಕ್ ಸೆಟ್ ಅಂಗಡಿ. ಸೆಟ್ಟೂರು, ಬೆಳುಗುಪ್ಪ ಸುತ್ತಮುತ್ತ ಐವತ್ತು ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಬೇವಿನ ಮರದ ಮೇಲೆ ಹಾರನ್ ಕಟ್ಟಿದವನು. ಮೊದಲು ಪ್ಲೇಟು, ಆಮೇಲೆ ಕ್ಯಾಸೆಟ್, ಆಮೇಲೆ ಪೆನ್ ಡ್ರೈವ್ ಬಂದವು. ಹಾರನ್ ಮಾತ್ರ ಹಾರನ್ನೇ. ಈಗ ಹುಡುಗರು ಆಳೆತ್ತರದ ಸ್ಪೀಕರ್ ಬಾಕ್ಸ್ ಇದ್ದರಷ್ಟೇ ಮದುವೆ ಎನ್ನುತ್ತಾರೆ. ಸೆಟ್ಟೂರಿನ ಒಂದು ಮನೆಯವರು, ಮೂರು ತಲೆಮಾರಿನಿಂದ ಮಾವನನ್ನೇ ಕರೆಯುತ್ತಿದ್ದವರು, ಈ ಸಲ ನೇರವಾಗಿಯೇ ಹೇಳಿದ್ದರಂತೆ: “ಹಾರನ್ ಬ್ಯಾಡ ಕಣಣ್ಣ. ಬಾಕ್ಸ್ ಐತೆ ಅಂದ್ರೆ ನೀನೇ ಬಾ. ಇಲ್ಲಾಂದ್ರೆ ಅನಂತಪುರದ ಡಿಜೆ ಬತ್ತಾನೆ.”

ಎರಡು ಬಾಕ್ಸ್ ಇದೆ ಎಂದು ಮಾವ ಹೇಳಿಬಿಟ್ಟಿದ್ದ. ಇರಲಿಲ್ಲ. ಮದುವೆಗೆ ಒಂದೂವರೆ ತಿಂಗಳಿತ್ತು.

ಅವನ ಧೈರ್ಯಕ್ಕೆ ಕಾರಣ ಆ ಪ್ಲೇಟು. ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹೋಟೆಲಿನ ಅಲಂಕಾರಕ್ಕೆಂದು ಹಳೆಯ ಹಾರನ್‌ಗಳನ್ನು ಹುಡುಕಿಕೊಂಡು ಬಂದಿದ್ದ. ಅಟ್ಟದ ಪೆಟ್ಟಿಗೆಯಲ್ಲಿದ್ದ ಈ ಇಂಗ್ಲಿಷ್ ಪ್ಲೇಟನ್ನು ಕಂಡು, ಫೋಟೋ ತೆಗೆದುಕೊಂಡು, ‘ಇದು ಹಳೇ ಜಾಝ್. ಇಂಥದ್ದಕ್ಕೆ ಜಪಾನಿನಲ್ಲಿ ಟ್ರ್ಯಾಕ್ಟರ್ ಬೆಲೆ ಕೊಡೋರಿದ್ದಾರೆ’ ಎಂದಿದ್ದ. ನಮ್ಮ ತಾತ ಒಂದು ಕಾಲದಲ್ಲಿ ಬೆಂಗಳೂರಿನ ಹಳೇ ಸಾಮಾನಿನ ಬೀದಿಯಲ್ಲಿ ಆಂಪ್ಲಿಫೈಯರ್ ಕೊಂಡಾಗ ಅದರ ಜೊತೆಗೆ ಬಿಟ್ಟಿ ಬಂದಿದ್ದ ಪ್ಲೇಟು ಅದು. ಅದರಲ್ಲಿ ಯಾರೂ ಹಾಡುವುದಿಲ್ಲ. ಬರೀ ವಾದ್ಯ. ಅದಕ್ಕೇ ಅದು ಮಾವನ ‘ಟೆಸ್ಟಿಂಗ್ ಪ್ಲೇಟು’ ಆಗಿದ್ದು.

“ದೇವರ ಹಾಡಾಕಿ ಅರ್ಧಕ್ಕೆ ಮುಳ್ಳು ಎತ್ತಂಗಿಲ್ಲ ಕಣಮ್ಮ, ಮದ್ವೆ ಮನೇಲಿ ಅಪಶಕುನ ಅಂತಾರೆ. ಸಿನ್ಮಾ ಹಾಡಾಕಿ ಎತ್ತುದ್ರೆ ಹೈಕ್ಳು ಬಿಡಾಕಿಲ್ಲ. ಇದು ಯಾವ ದೇವ್ರದ್ದೂ ಅಲ್ಲ, ಯಾರ್ಗೂ ಬ್ಯಾಡ. ಮೊದ್ಲು ದುಂ ದುಂ ಅಂತ ದಪ್ಪ ತಂತಿ ಬತ್ತದೆ, ಆಂಪ್ಲಿಫೈಯರ್ ಹೆಂಗೈತೆ ಗೊತ್ತಾಯ್ತದೆ. ಆಮೇಲೆ ಚಿಸ್ ಚಿಸ್ ಅಂತ ತಾಳ, ಹಾರನ್ ಒಡ್ದೈತಾ ಗೊತ್ತಾಯ್ತದೆ. ಆಮೇಲೆ ತುತ್ತೂರಿ. ಅದು ಕೆರೆ ಏರಿಗಂಟ ಕೇಳುದ್ರೆ ಎತ್ತಿಬುಟ್ಟು ಗಣಪತಿ ಹಾಡು ಹಾಕಾದು. ಒಂದು ನಿಮ್ಸದ ಕೆಲ್ಸ.”

“ಅದೆಲ್ಲ ಸರಿ ಮಾವ. ಒಂದು ಪ್ಲೇಟಿಗೆ ಟ್ರ್ಯಾಕ್ಟರ್ ಬೆಲೆ ಯಾರಾದ್ರೂ ಕೊಡ್ತಾರಾ? ಮೋಸ ಇದು.”

“ಮೋಸ ಆದ್ರೆ ಅವ್ರಿಗೆ ತಾನೆ? ನಮ್ಗೆ ಎಲ್ಡು ಬಾಕ್ಸ್ ಬಂದ್ರೆ ಸಾಕು.”

“ಅದು ತತ್ವದ ಪ್ರಶ್ನೆ.”

“ತತ್ವ ಮಡಿಸಿ ಅಡೀಗಿಡು ಲಾಯರಮ್ಮ. ಪ್ಲೇಟ್ ಮೇಲಿಡು, ಬಾಗ್‌ಬಾರ್ದು.”

ಕೊಡಿಕೊಂಡ

ಪ್ಲೇಟು ಬಾಗಬಾರದೆಂದು ಮಾವನ ಹೆಂಡತಿ ಗಂಗಮ್ಮತ್ತೆ ಅದನ್ನು ಎರಡು ದೊಡ್ಡ ಸ್ಟೀಲ್ ತಟ್ಟೆಗಳ ನಡುವೆ ಇಟ್ಟು, ಹೊಸ ಟವೆಲ್ಲಿನಲ್ಲಿ ಬಿಗಿದು ಕಟ್ಟಿದ್ದಳು. ಮೇಲೆ ನಿಪ್ಪಟ್ಟಿನ ಡಬ್ಬಿ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಆಂಧ್ರದ ಗಡಿಯಲ್ಲಿರುವ ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ನಮ್ಮ ಕಾರು ನಿಲ್ಲಿಸಿದರು. ಪೊಲೀಸಿನವರು ಗಂಟನ್ನು ಮುಟ್ಟಿನೋಡಿ, “ಏಂಟಮ್ಮಾ ಇದಿ?” ಎಂದು ತೆಲುಗಿನಲ್ಲಿ ಕೇಳಿದರು.

“ತಟ್ಟೆ ಸಾರ್. ಜಪಾನಿಗೆ.”

“ಜಪಾನಲ್ಲಿ ತಟ್ಟೆ ಸಿಗಲ್ವಾ?”

ಸರಳವಾಗಿ ‘ಸಿಗಲ್ಲ ಸಾರ್’ ಅಂದಿದ್ದರೆ ಮುಗಿಯುತ್ತಿತ್ತು. ನಾನು, ಅನುಮಾನಕ್ಕೆ ಸಕಾರಣ ಇಲ್ಲದೆ ಸಾಮಾನು ತಪಾಸಣೆ ಮಾಡಬಹುದೇ ಎಂಬ ಪ್ರಶ್ನೆ ಎತ್ತಿದೆ. ಪರಿಣಾಮವಾಗಿ ಟವೆಲ್ಲು ಬಿಚ್ಚಿತು, ನಿಪ್ಪಟ್ಟಿನ ಡಬ್ಬಿ ತೆರೆಯಿತು, ಹಿಂದೆ ನಾಲ್ಕು ಲಾರಿ ಹಾರನ್ ಹೊಡೆದವು. ಪೊಲೀಸಿನವರು ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿ, “ಮಾ ತಾತ ಇಂಟ್ಲೋ ಉಂಡೇದಿ” ಎಂದು ಮೆತ್ತಗಾದರು. ಅವರ ತಾತನ ಮನೆಯಲ್ಲೂ ಇತ್ತಂತೆ. ಎರಡು ನಿಪ್ಪಟ್ಟು ಸ್ವೀಕರಿಸಿ, ಟವೆಲ್ಲನ್ನು ಅತ್ತೆಗಿಂತ ಅಚ್ಚುಕಟ್ಟಾಗಿ ಅವರೇ ಕಟ್ಟಿಕೊಟ್ಟರು. ನನ್ನ ಸಕಾರಣದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ.

ಟೋಕಿಯೋ: ಮಾತಿಲ್ಲದ ಊರು

ನಮ್ಮ ಬಸ್ಸಿನಲ್ಲಿ ಹಿಂದೂಪುರದಿಂದ ಪೆನುಕೊಂಡಕ್ಕೆ ಹೋಗುವಷ್ಟರಲ್ಲಿ ಪಕ್ಕದವರ ಮಗಳ ಸಂಬಂಧ, ಅವಳ ಗಂಡನ ಸಂಬಳ, ಅವನಿಗಿರುವ ಗ್ಯಾಸ್ಟ್ರಿಕ್ ಎಲ್ಲ ತಿಳಿದಿರುತ್ತದೆ. ಟೋಕಿಯೋ ರೈಲಿನಲ್ಲಿ ನೂರಾರು ಜನ ಒಬ್ಬರ ಭುಜಕ್ಕೊಬ್ಬರು ಒರಗಿ ನಿಂತು ಒಂದಕ್ಷರ ಮಾತಾಡುವುದಿಲ್ಲ. ಅಮ್ಮನ ಫೋನು ಬಂತು. “ಊಟ ಮಾಡ್ದಾ?” ಎಂಬ ಅವಳ ಪ್ರಶ್ನೆ ಇಡೀ ಬೋಗಿಗೆ ಕೇಳಿಸಿತು. ಯಾರೂ ನನ್ನತ್ತ ನೋಡಲಿಲ್ಲ. ಯಾರಾದರೂ ಬೈದಿದ್ದರೆ ವಾದಿಸಬಹುದಿತ್ತು. ನೋಡದೇ ಇರುವವರ ಎದುರು ನನ್ನ ಹತ್ತು ವರ್ಷದ ತರಬೇತಿ ಕೆಲಸಕ್ಕೆ ಬರಲಿಲ್ಲ.

ಸ್ಪರ್ಧೆಯಲ್ಲಿ ಮಕ್ಕಳು ಎದುರಾಳಿಗೆ ಮೊದಲು ಬಗ್ಗಿ ನಮಸ್ಕರಿಸುತ್ತಿದ್ದರು. ಆಮೇಲೆ ಅವನ ವಾದವನ್ನು ಚಿಂದಿ ಮಾಡಿ, ಮತ್ತೆ ಬಗ್ಗುತ್ತಿದ್ದರು. ‘ನೀವು ಬೇರೆಯವರ ಮಾತು ಮುಗಿಯುವವರೆಗೆ ಕಾಯಬೇಕು’ ಎಂದು ನಾನು ಒಬ್ಬಳಿಗೆ ಸಲಹೆ ಕೊಟ್ಟೆ. ಆ ಸಲಹೆಯನ್ನು ಅವಳ ಮಾತಿನ ನಡುವೆಯೇ ಕೊಟ್ಟೆನೆಂದು ಆಮೇಲೆ ಹೊಳೆಯಿತು.

ಮೂರನೆಯ ದಿನ ಮಧ್ಯಾಹ್ನ ಬಿಡುವಿತ್ತು. ಟವೆಲ್ಲಿನ ಗಂಟನ್ನು ಎದೆಗವಚಿಕೊಂಡು ಪ್ಲೇಟಿನ ಅಂಗಡಿ ಹುಡುಕಿ ಹೊರಟೆ.

ಟೋಕಿಯೋ: ಎರಡನೆಯ ಮಹಡಿಯ ಅಂಗಡಿ

ಒಬ್ಬರೇ ಹತ್ತಬಹುದಾದ ಮೆಟ್ಟಿಲು. ಮೇಲೆ, ನಮ್ಮ ಮಾವನ ಅಂಗಡಿಯಷ್ಟೇ ಸಣ್ಣ ಕೋಣೆ, ನೆಲದಿಂದ ಸೂರಿನವರೆಗೆ ಪ್ಲೇಟು. ನಡೆಸುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಇಂಗ್ಲಿಷ್ ಬಾರದವರು. ಸಂಗೀತ ನಡೆಯುವಾಗ ಗಿರಾಕಿಗಳು ಮಾತಾಡುವಂತಿಲ್ಲ ಎಂದು ಗೋಡೆಯ ಮೇಲೆ ಬಾಯಿಗೆ ಬೆರಳಿಟ್ಟ ಚಿತ್ರ ಅಂಟಿಸಿದ್ದರು. ಅದರ ಪಕ್ಕದಲ್ಲಿ, ಗಾಜಿನ ಬೀರುವಿನೊಳಗೆ, ನನ್ನ ಕಣ್ಣಿಗೆ ಬಿದ್ದದ್ದು ಮಾವನ ಪ್ಲೇಟು! ಅದೇ ನೀಲಿ ಲೇಬಲ್ಲು, ಅದೇ ಅಕ್ಷರ. ಕೆಳಗಿನ ಬೆಲೆಯ ಸೊನ್ನೆಗಳನ್ನು ಮೂರು ಸಲ ಎಣಿಸಿ ರೂಪಾಯಿಗೆ ತಂದೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರು, ಟ್ರೇಲರ್ ಸಮೇತ. ಬೆಂಗಳೂರಿನವನು ಸುಳ್ಳು ಹೇಳಿರಲಿಲ್ಲ. ಮಾವನೆದುರು ನನ್ನ ಮೊದಲ ಸೋಲು ಅಲ್ಲೇ ದಾಖಲಾಯಿತು.

ಅಜ್ಜಿ ಬಿಳಿ ಕೈಗವಸು ಹಾಕಿಕೊಂಡು ಟವೆಲ್ಲು ಬಿಚ್ಚಿದರು. ಮೊದಲು ಅವರು ನೋಡಿದ್ದು ಸ್ಟೀಲ್ ತಟ್ಟೆಯನ್ನು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ‘ಗಂಗಮ್ಮ’ ಎಂಬ ಹೆಸರಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. ಯಾಕೆಂದು ಆಮೇಲೆ ತಿಳಿಯಿತು. ಪ್ಲೇಟಿನ ಒಳಅಂಚಿನಲ್ಲೂ ಹೀಗೇ ಸಣ್ಣದಾಗಿ ಗೀಚಿದ ಅಕ್ಷರ, ಅಂಕಿಗಳಿರುತ್ತವೆ. ಅದು ಮೊದಲ ಅಚ್ಚೋ ಆಮೇಲಿನದೋ ಎಂಬುದನ್ನು ಅದರಿಂದಲೇ ಹೇಳುತ್ತಾರೆ, ಟ್ರ್ಯಾಕ್ಟರಿಗೂ ಸೈಕಲ್ಲಿಗೂ ಇರುವ ವ್ಯತ್ಯಾಸ ಅಲ್ಲೇ ಇರುತ್ತದೆ. ನಮ್ಮಲ್ಲಿ ಪಾತ್ರೆ ಅಂಗಡಿಯವನು ಹೆಸರು ಕೊರೆಯುವುದು ಮದುವೆ ಮನೆಯಲ್ಲಿ ತಟ್ಟೆ ಕಳೆದುಹೋಗದಿರಲಿ ಎಂದು. ಮಾವನ ಪ್ಲೇಟು ಮೊದಲ ಅಚ್ಚು. ಅಜ್ಜಿ ಕೈಗವಸನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದುಕೊಂಡರು.

ಆಮೇಲೆ ಅವರು ಗಾಳಿಯಲ್ಲಿ ಒಂದು ಚೌಕ ಬರೆದು ನನ್ನ ಮುಖ ನೋಡಿದರು. ಅಟ್ಟೆ? ಪ್ಲೇಟಿನ ಹೊದಿಕೆಯ ಅಟ್ಟೆ ಎಲ್ಲಿ?

ಬೀರುವಿನ ಬೆಲೆಚೀಟಿಯ ಅರ್ಧವನ್ನು ಬೆರಳಿನಿಂದ ಮುಚ್ಚಿ ತೋರಿಸಿದರು. ಅರ್ಧ ಬೆಲೆ ಅಟ್ಟೆಗಂತೆ. ನನಗೆ ತಕ್ಷಣ ನೆನಪಾಯಿತು. ಎಂಟನೇ ತರಗತಿಯಲ್ಲಿ ಮೊದಲ ಚರ್ಚಾಸ್ಪರ್ಧೆ ಗೆದ್ದಾಗ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲು ಹಿಂದಕ್ಕೊಂದು ಗಟ್ಟಿ ರಟ್ಟು ಬೇಕಿತ್ತು. ಮಾವ ಇದರ ಅಟ್ಟೆಯನ್ನು ಕೊಡಲು ಹಿಂದೆಮುಂದೆ ನೋಡಿದಾಗ, ‘ಹಾಡಿರೋದು ಪ್ಲೇಟಲ್ಲಿ, ಅಟ್ಟೇಲಿ ಏನಿದೆ ಮಾವ?’ ಎಂದು ವಾದಿಸಿ ಗೆದ್ದವಳು ನಾನೇ. ಬದಿಯಲ್ಲಿ ನಾಲ್ಕು ಬೆರಳಗಲ ಕತ್ತರಿಸಿದವಳೂ ನಾನೇ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ನಿವೃತ್ತ ಹಲ್ಲಿನ ಡಾಕ್ಟರು, ಒಳ್ಳೆಯ ಇಂಗ್ಲಿಷ್ ಮಾತಾಡುವವರು. ಜೇಬಿನಿಂದ ತಲೆಗೆ ಕಟ್ಟುವ ದೀಪ ತೆಗೆದು, ಪ್ಲೇಟನ್ನು ಬಾಯಿ ತೆರೆದ ರೋಗಿಯಂತೆ ಓರೆ ಮಾಡಿ ನೋಡಿದರು. “ವಿಚಿತ್ರ,” ಎಂದರು. “ಮೊದಲ ಕಾಲು ಬೆರಳಗಲ ಪೂರ್ತಿ ಸವೆದು ಬೂದಿ ಬಣ್ಣಕ್ಕೆ ಬಂದಿದೆ. ಮಿಕ್ಕಿದ್ದು ಮುಟ್ಟೇ ಇಲ್ಲ. ಇಂಥ ಪ್ಲೇಟನ್ನು ನಾನು ನೋಡಿಲ್ಲ.” ಸ್ವಲ್ಪ ಯೋಚಿಸಿ ಒಂದು ಬೆಲೆ ಹೇಳಿದರು. ಟ್ರ್ಯಾಕ್ಟರಿನ ಹತ್ತಿರವೂ ಇಲ್ಲ. ಆದರೆ ಮಾವನ ಎರಡು ಬಾಕ್ಸಿಗೆ ಸಾಕಾಗಿ ಕೇಬಲ್ಲಿಗೂ ಮಿಗುತ್ತಿತ್ತು.

ಹೇಳಿದವರು ಸುಮ್ಮನಿರಬಹುದಿತ್ತು. ಮರ್ಯಾದೆಗೆ ಬಗ್ಗಿ ಕೇಳಿದರು: “ಈ ಬೆಲೆ ನ್ಯಾಯವೆನಿಸುತ್ತದೆಯೇ?”

ಕಲ್ಯಾಣದುರ್ಗದ ಸಂತೆಯಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ: ಇನ್ನೂ ಸ್ವಲ್ಪ ಹಾಕಿ. ಕುರಿ ಮಾರುವ ಯಾವನೂ ಬೇರೆ ಉತ್ತರ ಕೊಟ್ಟವನಲ್ಲ. ನನ್ನ ಕಿವಿಗೆ ಮಾತ್ರ ಅದು ಚರ್ಚೆಯ ವಿಷಯದಂತೆ ಕೇಳಿಸಿತು. ಪರ ಅಥವಾ ವಿರೋಧ, ಏಳು ನಿಮಿಷ.

ನಾನು ಎದ್ದು ನಿಂತೆ. ನಿಜವಾಗಿಯೂ ಎದ್ದು ನಿಂತೆ. ಇದೇ ಸಂಗೀತ ಫೋನಿನಲ್ಲಿ ಬಿಟ್ಟಿ ಸಿಗುತ್ತದೆ ಎಂದೆ. ವಿರಳವಾದದ್ದೆಲ್ಲ ಬೆಲೆಬಾಳುವುದಾದರೆ ನಮ್ಮ ಮಾವ ಕ್ಯಾಸೆಟ್ಟಿಗೆ ತುಂಬಿಕೊಂಡ ‘ಊಟಕ್ಕೆ ಎಲ್ಲರೂ ಎದ್ದು ಬರಬೇಕು’ ಎಂಬ ಪ್ರಕಟಣೆ ಲೋಕದಲ್ಲಿ ಒಂದೇ ಒಂದಿದೆ, ಅದಕ್ಕೆಷ್ಟು ಕೊಡುತ್ತೀರಿ ಎಂದೆ. ಮುಂದೆ ಇನ್ನೊಬ್ಬ ಹೆಚ್ಚು ಕೊಡುತ್ತಾನೆಂದು ನೀವು ಕೊಳ್ಳುವುದಾದರೆ ನೀವು ಕೊಳ್ಳುತ್ತಿರುವುದು ಆ ಇನ್ನೊಬ್ಬನ ಹುಚ್ಚನ್ನು, ಸಂಗೀತವನ್ನಲ್ಲ ಎಂದು ಮುಗಿಸಿದೆ. ಮುಗಿಸುವಾಗ ಬೆರಳೆತ್ತಿದ್ದೆ.

ಡಾಕ್ಟರು ಕೊನೆಯವರೆಗೂ ಕೇಳಿದರು. ತಲೆಯ ದೀಪ ಆರಿಸಿದರು. “ಪ್ಲೇಟು ಕೊಳ್ಳುತ್ತಿರುವ ಮೂವತ್ತು ವರ್ಷದಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನೀವು ಹೇಳಿದ್ದು ಸರಿ,” ಎಂದು ಸೊಂಟದವರೆಗೆ ಬಗ್ಗಿ, ಮೆಟ್ಟಿಲಿಳಿದು ಹೋದರು.

ಜೀವನದಲ್ಲಿ ಮೊದಲ ಸಲ ಎದುರಾಳಿ ಪೂರ್ತಿ ಒಪ್ಪಿಕೊಂಡಿದ್ದ. ಅಜ್ಜಿ ನನ್ನ ಕಡೆ ನೋಡಿದರು. ಆಮೇಲೆ ಗೋಡೆಯ ಮೇಲಿನ, ಬಾಯಿಗೆ ಬೆರಳಿಟ್ಟ ಚಿತ್ರದ ಕಡೆ ನೋಡಿದರು.

ಬೀದಿಗಿಳಿದು ಮಾವನಿಗೆ ಫೋನು ಮಾಡಿದೆ.

“ಎಷ್ಟಕ್ಕೋಯ್ತು?”

“ವಾದದಲ್ಲಿ ಗೆದ್ದೆ ಮಾವ.”

“ಅಂದ್ರೆ ಹೋಗ್ಲಿಲ್ಲ.”

“ಒಬ್ರು ಎರಡು ಬಾಕ್ಸಿಗಾಗೋಷ್ಟು ಕೊಡಕ್ಕೆ ಬಂದಿದ್ರು. ಅಷ್ಟು ಬಾಳಲ್ಲ ಅಂತ ನಾನು ಹೇಳ್ಬಿಟ್ಟೆ. ಅವರೂ ಒಪ್ಕೊಂಡು ಹೋದ್ರು.”

“ನೀನೇ ಹೇಳ್ದಾ?”

“ನಾನೇ.”

ಬೈಯುತ್ತಾನೆಂದು ಕಾದೆ. ಮಾವ ಬೈಯಲಿಲ್ಲ. “ಸೆಟ್ಟೂರಿನೋರ್ಗೆ ಇಲ್ಲ ಅಂತ ಹೇಳಿಬುಡ್ತೀನಿ ಬುಡು. ಗುಜರಿಯೋನು ಹಾರನ್ ಕೇಳ್ತಾವ್ನೆ, ತೂಕಕ್ಕಾಕಿಬುಡಾನ,” ಎಂದ. “ನೀನು ಟೈಮಿಗೆ ಊಟ ಮಾಡಮ್ಮ.”

“ಇನ್ನೊಂದು ದಿನ ಇರು ಮಾವ, ಯಾರ್ಗೂ ಏನೂ ಹೇಳ್ಬೇಡ,” ಎಂದೆ.

ಟೋಕಿಯೋ: ಅದೇ ಅಂಗಡಿ, ಮರುದಿನ

ಚರ್ಚಾಪಟುವಿಗೆ ಮೊದಲು ಕಲಿಸುವುದೇ ಎರಡೂ ಕಡೆ ಮಾತಾಡುವುದನ್ನು. ನಿನ್ನೆ ವಿರೋಧ, ಇವತ್ತು ಪರ. ಡಾಕ್ಟರು ದಿನವೂ ಮೂರು ಗಂಟೆಗೆ ಬರುತ್ತಾರೆಂದು ಅಜ್ಜಿ ಕೈಗಡಿಯಾರ ತೋರಿಸಿ ಹೇಳಿದರು. ನನಗೊಂದು ಚಹಾ ಕೊಟ್ಟು, ಮಾತು ಕಡಿಮೆ ಮಾಡು ಎಂದು ಎರಡು ಬೆರಳು ಹತ್ತಿರ ತಂದು ತೋರಿಸಿದರು.

ಮೂರಕ್ಕೆ ಸರಿಯಾಗಿ ಡಾಕ್ಟರು ಬಂದರು. ನಾನು ಶುರು ಮಾಡಿದೆ: ಹಳೆಯ ಅಚ್ಚಿನ ನಾದ ಫೋನಿನಲ್ಲಿ ಬರುವುದಿಲ್ಲ.

“ನಿನ್ನೆ ನೀವೇ ಬರುತ್ತದೆ ಎಂದಿರಿ.”

ವಿರಳವಾದದ್ದನ್ನು ಕಾಪಾಡುವವರು ಬೇಕಲ್ಲವೇ ಎಂದೆ.

“ನಿಮ್ಮ ಮಾವನ ಊಟದ ಪ್ರಕಟಣೆಯನ್ನು ಯಾರು ಕಾಪಾಡುತ್ತಿದ್ದಾರೆ?”

ನನ್ನ ಒಂದೊಂದು ಮಾತನ್ನೂ ಅವರು ನೆನಪಿಟ್ಟುಕೊಂಡಿದ್ದರು. ಹತ್ತು ನಿಮಿಷದಲ್ಲಿ ನಿನ್ನೆಯ ನಾನು ಇವತ್ತಿನ ನನ್ನನ್ನು ನೆಲಕ್ಕೆ ಕೆಡವಿದ್ದೆ. ತಣ್ಣಗಾದ ಚಹಾ ಎತ್ತಿ ಕುಡಿದೆ. ಅಜ್ಜಿ ಸಮಾಧಾನದಿಂದ ನಿಟ್ಟುಸಿರು ಬಿಟ್ಟರು.

“ನನಗೆ ಒಂದೇ ಅನುಮಾನ,” ಎಂದರು ಡಾಕ್ಟರು. “ಮೊದಲ ನಿಮಿಷ ಮಾತ್ರ ಯಾಕೆ ಸವೆದಿದೆ?”

ಹೇಳಿದೆ. ಬೇವಿನ ಮರ, ಹಾರನ್, ದುಂ ದುಂ ತಂತಿ, ಕೆರೆ ಏರಿ, ಅರ್ಧಕ್ಕೆ ನಿಲ್ಲಿಸಬಾರದ ದೇವರ ಹಾಡು. ಸೆಟ್ಟೂರಿನ ಮದುವೆ, ಬಾಕ್ಸು, ಗುಜರಿಯವನು. ಇದರಲ್ಲಿ ವಾದವೇನೂ ಇರಲಿಲ್ಲ.

“ಹಾಗಾದರೆ ಮುಂದಿನದನ್ನು ನಿಮ್ಮ ಮಾವ ಕೇಳಿಯೇ ಇಲ್ಲವೇ?”

“ಇಲ್ಲ. ಹಿಂದಿನ ಮೈಯನ್ನಂತೂ ತಿರುಗಿಸಿಯೂ ನೋಡಿಲ್ಲ.”

ಅವರು ಅಜ್ಜಿಗೆ ಏನೋ ಹೇಳಿದರು. ಅಜ್ಜಿ ಪ್ಲೇಟನ್ನು ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದರು. ಮೊದಲ ನಿಮಿಷ ದುಂ ದುಂ ಜೊತೆಗೆ ಬಾಣಲೆಯಲ್ಲಿ ಕಡಲೆಕಾಯಿ ಹುರಿದ ಸದ್ದು. ಅದರಾಚೆ ಒಮ್ಮೆಲೇ ಸದ್ದೆಲ್ಲ ಅಡಗಿ, ತುತ್ತೂರಿಯವನು ನಮ್ಮ ಪಕ್ಕದಲ್ಲೇ ಕುಳಿತು ಉಸಿರೆಳೆದುಕೊಂಡಂತೆ ಕೇಳಿಸಿತು. ಇಪ್ಪತ್ತು ನಿಮಿಷ ನಾನು ಮಾತಾಡಲಿಲ್ಲ. ಚೆನ್ನಾಗಿತ್ತೇ ಎಂದು ಕೇಳಿದರೆ ಹೇಳಲಾರೆ. ನನಗೆ ಜಾಝ್ ತಿಳಿಯುವುದಿಲ್ಲ. ಡಾಕ್ಟರ ಕಣ್ಣು ಮಾತ್ರ ಮುಚ್ಚಿತ್ತು, ಮೊಣಕಾಲು ಕುಣಿಯುತ್ತಿತ್ತು.

ಮುಗಿದ ಮೇಲೆ ಅವರು ಹೇಳಿದರು: “ನಿಮ್ಮ ನಿನ್ನೆಯ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದು ಆ ಬೆಲೆಗೆ ಬಾಳುವುದಿಲ್ಲ. ಆದರೂ ನನಗೆ ಬೇಕು.”

ಬೇಕು ಎಂಬುದಕ್ಕೆ ಎದುರಾಗಿ ಏನು ಹೇಳಬೇಕೆಂದು ನನಗೆ ಯಾವ ಶಿಬಿರದಲ್ಲೂ ಹೇಳಿಕೊಟ್ಟಿರಲಿಲ್ಲ. ಪುಣ್ಯಕ್ಕೆ.

ಆದರೆ ಬೆಲೆಯನ್ನು ಅವರು ಅರ್ಧಕ್ಕೆ ಇಳಿಸಿದರು. “ನೀವು ಅಷ್ಟು ಚೆನ್ನಾಗಿ ಮನವರಿಕೆ ಮಾಡಿಕೊಟ್ಟ ಮೇಲೆ ಪೂರ್ತಿ ಕೊಡುವುದು ನಿಮಗೆ ಅವಮಾನ.” ನನ್ನ ವಾಕ್ಚಾತುರ್ಯದ ಬೆಲೆ ಸರಿಯಾಗಿ ಒಂದು ಬಾಕ್ಸು. ಜೊತೆಗೆ ಒಂದು ಷರತ್ತು, ಆ ಕತ್ತರಿಸಿದ ಅಟ್ಟೆಯನ್ನೂ ಕಳಿಸಬೇಕು. ಹೊರಡುವ ದಿನ ಅವರೇ ಬಂದು, ಪ್ಲೇಟಿನ ಎರಡೂ ಮೈಯನ್ನು ತುಂಬಿಸಿದ ಒಂದು ಪೆನ್ ಡ್ರೈವನ್ನು ಮಾವನಿಗೆಂದು ಕೊಟ್ಟರು. ಸ್ಟೀಲ್ ತಟ್ಟೆಗಳನ್ನು ಅಜ್ಜಿ ವಾಪಸು ಕೊಡಲಿಲ್ಲ. ಗಾಜಿನ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ಹಿಂದೂಪುರ

ಮನೆಗೆ ಬಂದವಳೇ ಗೋಡೆಯಿಂದ ಪ್ರಮಾಣಪತ್ರ ಇಳಿಸಿ ಹಿಂದಿನ ಮೊಳೆ ಕಿತ್ತೆ. ರಟ್ಟಿನ ಮೇಲೆ ತುತ್ತೂರಿಯವನು ಇಷ್ಟು ವರ್ಷ ಗೋಡೆಗೆ ಮುಖಮಾಡಿ ಊದುತ್ತಿದ್ದ. ಅವನ ಎಡಗೈಯನ್ನು ನಾನು ಕತ್ತರಿಸಿದ್ದೆ. ರಟ್ಟು ಜಪಾನಿಗೆ ಹೋಯಿತು. ನನ್ನ ಮೊದಲ ಬಹುಮಾನ ಈಗ ಕಟ್ಟಿನೊಳಗೆ ಜೋತುಬಿದ್ದಿದೆ. “ಬಿದ್ಕೊಂಡಿರ್ಲಿ ಬಿಡು, ಈಗ ನಿನ್ನ ತರಾನೇ ಕಾಣ್ತದೆ,” ಎಂದಳು ಅಮ್ಮ.

ಸೆಟ್ಟೂರು

ಮದುವೆಯ ಹಿಂದಿನ ಸಂಜೆ ಮಾವನ ಜೊತೆ ನಾನೂ ಹೋದೆ. ಚಪ್ಪರದ ಬಲಕ್ಕೆ ಆಳೆತ್ತರದ ಹೊಸ ಬಾಕ್ಸು ಒಂದೇ. ಎಡಕ್ಕೆ ಬೇವಿನ ಮರದ ಮೇಲೆ ಹಳೆಯ ಹಾರನ್. ಮನೆಯ ಯಜಮಾನ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ.

“ಏನಣ್ಣೋ, ಬಾಕ್ಸ್ ಎಲ್ಡು ಅಂದಿದ್ದೆ?”

“ನಮ್ಮ ತಂಗಿ ಮಗ್ಳು ಜಪಾನಲ್ಲಿ ಒಂದು ಬಾಕ್ಸಿನಷ್ಟು ಮಾತಾಡ್ಬುಟ್ಳು ಕಣಪ್ಪ,” ಎಂದ ಮಾವ. “ಒಂದು ಕೇಳು ಮೊದ್ಲು. ಸಾಲ್ದು ಅಂದ್ರೆ ಬಿಚ್ಕಂಡು ಹೋಯ್ತೀನಿ.”

ಪೆನ್ ಡ್ರೈವ್ ಹಾಕಿದ. ಅದೇ ಕಡಲೆಕಾಯಿ ಹುರಿದ ಸದ್ದು, ಅದರ ನಡುವೆ ದುಂ ದುಂ. ಬಾಕ್ಸಿನ ಮುಂದೆ ನಿಂತಿದ್ದ ಯಜಮಾನ ಎದೆ ಮುಟ್ಟಿಕೊಂಡ. ಚಿಸ್ ಚಿಸ್. ತುತ್ತೂರಿ ಎದ್ದಿತು. ಹಾರನ್ ಅದನ್ನು ಎಳೆದುಕೊಂಡು ಹೊಲಗಳ ಮೇಲೆ ಹಾಯಿಸಿತು. ದೂರದಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದವನು ತಿರುಗಿ ನೋಡಿದ. ಯಜಮಾನ, “ಸಾಕು ಬುಡಣ್ಣ, ಇಷ್ಟೇ ಇರ್ಲಿ,” ಎಂದು ಒಳಗೆ ಹೋದ.

ಒಂದು ನಿಮಿಷಕ್ಕೆ ಸರಿಯಾಗಿ ಮಾವನ ಕೈ ತಾನಾಗಿ ಮೇಲೆದ್ದು, ಎತ್ತಲು ಮುಳ್ಳಿಲ್ಲದೆ ಗಾಳಿಯಲ್ಲೇ ನಿಂತಿತು. ನಾನು, “ಇರು ಮಾವ, ಮುಂದಿನದು ಕೇಳು. ಇಲ್ಲಿಂದಾಚೆಗೇ ಅವ್ರು ದುಡ್ಡು ಕೊಟ್ಟಿದ್ದು,” ಎಂದೆ.

ಮಾವ ಕುರ್ಚಿ ಎಳೆದುಕೊಂಡು ಕುಳಿತ. ತುತ್ತೂರಿಯವನು ಹತ್ತಿದ, ಇಳಿದ, ತಂತಿಯವನನ್ನು ಕರೆದ, ಇಬ್ಬರೂ ಬಹಳ ದೂರ ಹೋದರು. ಮಾವ ತಲೆ ಓರೆಮಾಡಿ, ಒಡೆದ ಹಾರನ್ ಪರೀಕ್ಷಿಸುವಾಗಿನ ಮುಖದಲ್ಲಿ, ಆರು ನಿಮಿಷದ ಆ ಮೊದಲ ತುಣುಕನ್ನು ಪೂರ್ತಿ ಕೇಳಿದ. ಆಮೇಲೆ ಎದ್ದು ಪಂಚೆ ಕೊಡವಿಕೊಂಡ.

“ಅಷ್ಟೂ ವರ್ಸ ಸರಿಯಾದ ಜಾಗಕ್ಕೇ ಎತ್ತಿವ್ನಿ ಬುಡು.”

ಅದು ಹಾಗಲ್ಲ ಮಾವ ಎಂದು ನಾನು ಬಾಯಿ ತೆರೆದೆ. ಮಾವ ಗಣಪತಿ ಹಾಡು ಹಾಕಿದ.